ಹಾಡುವವರನ್ನು ಕೂಡಿಸಿದ ಥಾಮಸ್ ಡಾರ್ಸಿ

(ನಮ್ಮ ಕನ್ನಡ ಕಾರ್ಯಕ್ರಮಕ್ಕಾಗಿ ಸಿದ್ಧಪಡಿಸಿದ ಭಾಷಣದ ಪೂರ್ಣಪಾಠ)

ಸಂಗೀತಗಾರರಿಗೆ ಜನ ಇಡುವ ಅಡ್ಡಹೆಸರುಗಳಲ್ಲಿ ಇದೊಂದು ವಿಚಿತ್ರವಾದದ್ದು: ‘ಪಿಸುಗುಟ್ಟುವ ಪಿಯಾನೋದವ’. ಅಮೆರಿಕದ ಒಬ್ಬ ಬಡ ಕಪ್ಪು ತರುಣನಿಗೆ ಈ ಹೆಸರು ಬಂದಿತ್ತು. ಅವನು ನುಡಿಸುತ್ತಿದ್ದದ್ದು ಹೊತ್ತು ಮೀರಿದ ಮೇಲೆ ನಡೆಯುವ ಕದ್ದುಮುಚ್ಚಿದ ಕೂಟಗಳಲ್ಲಿ. ಒಳಗಿದ್ದವರು ಕುಣಿಯಬೇಕು, ಆದರೆ ಸದ್ದು ಬೀದಿಯ ಪೊಲೀಸಿನವನ ಕಿವಿಗೆ ಬೀಳಬಾರದು. ಹಾಗೆ ಮೆಲ್ಲಗೆ, ತಾಳ ತಪ್ಪದೆ ನುಡಿಸುವ ಕೈಚಳಕ ಅವನಿಗಿತ್ತು. ಅದೇ ಮನುಷ್ಯ ಮುಂದೆ ನೂರಾರು ಜನರನ್ನು ಒಟ್ಟಿಗೆ ನಿಲ್ಲಿಸಿ, ಚರ್ಚಿನ ಚಾವಣಿ ಹಾರುವಂತೆ ಹಾಡಿಸಿದ. ಅವರ ಹೆಸರು ಥಾಮಸ್ ಡಾರ್ಸಿ. ಗಾಸ್ಪೆಲ್ ಸಂಗೀತದ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಇವತ್ತಿನ ನನ್ನ ಮಾತು ಅವರ ಬಗ್ಗೆ.

ಮೊದಲಿಗೆ ಒಂದು ಗೊಂದಲ ನಿವಾರಿಸಿಬಿಡುತ್ತೇನೆ. ಟಾಮಿ ಡಾರ್ಸಿ ಎಂಬ ಇನ್ನೊಬ್ಬರಿದ್ದರು, ಜಾಝ್ ಬ್ಯಾಂಡಿನ ಪ್ರಸಿದ್ಧ ಬಿಳಿಯ ನಾಯಕ. ಇವರ ಹಾಡನ್ನು ಅವರ ಹೆಸರಿಗೆ ಅಂಟಿಸಿದ ಇ-ಮೇಲ್‌ಗಳು ವರ್ಷಾನುಗಟ್ಟಲೆ ಓಡಾಡಿವೆ. ನನಗೂ ಒಮ್ಮೆ ಬಂದಿತ್ತು, ಅದೂ ಸಂಗೀತದ ವಿಷಯದಲ್ಲಿ ಬಹಳ ತಿಳಿದ ಸ್ನೇಹಿತರೊಬ್ಬರಿಂದ! ಇಬ್ಬರೂ ಬೇರೆ ಬೇರೆ. ನಮ್ಮ ಡಾರ್ಸಿ ಹುಟ್ಟಿದ್ದು 1899ರಲ್ಲಿ, ಅಮೆರಿಕದ ದಕ್ಷಿಣದಲ್ಲಿರುವ ಜಾರ್ಜಿಯಾ ರಾಜ್ಯದ ವಿಲ್ಲಾ ರಿಕಾ ಎಂಬ ಸಣ್ಣ ಊರಿನಲ್ಲಿ. ತಂದೆ ಊರೂರು ತಿರುಗುವ ಬೋಧಕರು. ಬೋಧನೆಯಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಆದ್ದರಿಂದ ಇನ್ನೊಬ್ಬರ ಹೊಲದಲ್ಲಿ ಪಾಲಿಗೆ ಬೇಸಾಯ. ತಾಯಿ ಆರ್ಗನ್ ನುಡಿಸುತ್ತಿದ್ದರು. ಹುಡುಗನ ಮೊದಲ ಪಾಠಶಾಲೆ ಅದೇ.

ಸಂಸಾರ ಅಟ್ಲಾಂಟಾ ನಗರಕ್ಕೆ ಬಂತು. ಹಳ್ಳಿಯ ಹುಡುಗನಿಗೆ ಪಟ್ಟಣದ ಶಾಲೆ ಹಿಡಿಸಲಿಲ್ಲ, ಓದು ಬೇಗನೆ ನಿಂತುಹೋಯಿತು. ಅಲ್ಲಿನ ಒಂದು ಥಿಯೇಟರಿನಲ್ಲಿ ತಂಪು ಪಾನೀಯ ಮಾರುವ ಕೆಲಸ ಹಿಡಿದ. ಪಾನೀಯ ಮಾರುತ್ತಾ ವೇದಿಕೆಯ ಮೇಲಿನ ಪಿಯಾನೋ ವಾದಕರ ಬೆರಳುಗಳನ್ನು ನೋಡಿ ನೋಡಿ ಕಲಿತ. ನಮ್ಮ ನಾಟಕ ಕಂಪನಿಗಳ ಬಯಲಿನಲ್ಲಿ ಸೋಡಾ ಮಾರುತ್ತಲೇ ರಂಗಗೀತೆ ಕಲಿತ ಹುಡುಗರಿದ್ದರಲ್ಲ, ಹಾಗೆ.

ಆಮೇಲೆ ಶಿಕಾಗೋ. ಇಲ್ಲಿ ಸ್ವಲ್ಪ ನಿಲ್ಲಬೇಕು. ದಕ್ಷಿಣದ ಹತ್ತಿಯ ಹೊಲಗಳನ್ನೂ, ಅಲ್ಲಿನ ಬಣ್ಣಭೇದದ ಕ್ರೌರ್ಯವನ್ನೂ ಬಿಟ್ಟು ಉತ್ತರದ ಕೈಗಾರಿಕಾ ನಗರಗಳಿಗೆ ಕಪ್ಪು ಜನ ರೈಲು ಹತ್ತಿದ ಕಾಲ ಅದು. ಚರಿತ್ರೆಯಲ್ಲಿ ಇದನ್ನು ‘ಮಹಾ ವಲಸೆ’ ಎನ್ನುತ್ತಾರೆ. 1910ರಲ್ಲಿ ಶಿಕಾಗೋದಲ್ಲಿದ್ದ ಕಪ್ಪು ಜನರ ಸಂಖ್ಯೆ ಸುಮಾರು 44 ಸಾವಿರ. 1930ಕ್ಕೆ ಅದು 2 ಲಕ್ಷ 33 ಸಾವಿರ ದಾಟಿತ್ತು. ಇಪ್ಪತ್ತೇ ವರ್ಷಗಳಲ್ಲಿ ಐದು ಪಟ್ಟಿಗೂ ಹೆಚ್ಚು! ಬಂದವರಿಗೆ ಸಿಕ್ಕ ಕೆಲಸ ಕಸಾಯಿಖಾನೆಗಳಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ. ಹೆಂಗಸರಿಗೆ ಮನೆಗೆಲಸ. ಒಂದೇ ಕೋಣೆಯಲ್ಲಿ ಒಂದು ಸಂಸಾರ. ಮುಂಬೈಯ ಚಾಳುಗಳನ್ನು ಬಲ್ಲ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಈ ಜನ ಚರ್ಚಿಗೆ ಹೋಗುತ್ತಿದ್ದರು. ನಗರದ ದೊಡ್ಡ ಕಪ್ಪು ಚರ್ಚುಗಳು ಹಳೆಯ ನಿವಾಸಿಗಳ ಕೈಯಲ್ಲಿದ್ದವು. ಅಲ್ಲಿ ತರಬೇತಿ ಪಡೆದ ಗಾಯಕವೃಂದ ಕೈಯಲ್ಲಿ ಸ್ವರಲಿಪಿಯ ಪುಸ್ತಕ ಹಿಡಿದು ಹ್ಯಾಂಡೆಲ್, ಮೊಜಾರ್ಟ್ ಮುಂತಾದ ಯುರೋಪಿಯನ್ ವಾಗ್ಗೇಯಕಾರರ ಕೃತಿಗಳನ್ನು ಹಾಡುತ್ತಿತ್ತು. ಚಪ್ಪಾಳೆ ತಟ್ಟುವುದು, ತೂಗಾಡುವುದು, ಮೈಮರೆತು ಕೂಗುವುದು ಇವೆಲ್ಲ ಹಳ್ಳಿಗಾಡಿನ ಚಾಳಿ ಎಂಬ ತಾತ್ಸಾರ. ನಾವೂ ಬಿಳಿಯರಷ್ಟೇ ಸುಸಂಸ್ಕೃತರು ಎಂದು ತೋರಿಸಿಕೊಳ್ಳುವ ಹಟ ಅದರ ಹಿಂದಿತ್ತು. ಆ ಹಟವನ್ನು ನಾನು ಹಗುರವಾಗಿ ಕಾಣಲಾರೆ. ಅವಮಾನ ಉಂಡವರ ಹಟ ಅದು. ಆದರೆ ನಿನ್ನೆ ಮೊನ್ನೆ ಮಿಸಿಸಿಪ್ಪಿಯಿಂದ ಬಂದ ಹೆಂಗಸು ಆ ಚರ್ಚಿನ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕಾಗಿತ್ತು.

ಡಾರ್ಸಿ ಅಷ್ಟರಲ್ಲಿ ಚರ್ಚಿನಿಂದ ದೂರವೇ ಇದ್ದರು. ಬ್ಲೂಸ್ ಎಂಬುದು ಕಪ್ಪು ಜನರ ದುಃಖದ, ಪ್ರೇಮದ, ಪೋಲಿತನದ ಹಾಡು. ಅದರಲ್ಲಿ ಅವರು ದೊಡ್ಡ ಹೆಸರು ಮಾಡಿದರು. 1924ರಲ್ಲಿ ಆ ಕಾಲದ ಬ್ಲೂಸ್ ರಾಣಿ ಮಾ ರೇನಿ ಅವರಿಗಾಗಿ ವಾದ್ಯಮೇಳ ಕಟ್ಟಿ ಊರೂರು ತಿರುಗಿದರು. ಮರುವರ್ಷ ನೆಟ್ಟಿ ಎಂಬಾಕೆಯನ್ನು ಮದುವೆಯಾದರು. ಅಷ್ಟರಲ್ಲಿ ಮನಸ್ಸು ಕುಸಿಯಿತು. ಸುಮಾರು ಎರಡು ವರ್ಷ ತೀವ್ರ ಖಿನ್ನತೆ, ಕೆಲಸ ಮಾಡಲಾಗದ ಸ್ಥಿತಿ. ಅದರಿಂದ ಎದ್ದು ಬಂದವರೇ ದೇವರ ಹಾಡುಗಳನ್ನು ಬರೆಯುತ್ತೇನೆ ಎಂದರು. ಆದರೆ 1928ರಲ್ಲಿ ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ, ಟ್ಯಾಂಪಾ ರೆಡ್ ಎಂಬ ಗಿಟಾರ್ ವಾದಕರ ಜೊತೆ ಒಂದು ತುಂಟ ಹಾಡನ್ನು ಮುದ್ರಿಸಿದರು. ಹೊಟ್ಟೆಪಾಡು ನೋಡಿ! ಅದು ಭರ್ಜರಿಯಾಗಿ ಮಾರಾಟವಾಯಿತು. ಒಂದು ಕಾಲು ಹೆಂಡದಂಗಡಿಯಲ್ಲಿ, ಇನ್ನೊಂದು ಕಾಲು ಗುಡಿಯಲ್ಲಿ ಎನ್ನುವ ಸ್ಥಿತಿ ನಾಲ್ಕಾರು ವರ್ಷ ನಡೆಯಿತು. ಅವರ ಜೀವನಚರಿತ್ರೆಯನ್ನು ಭಕ್ತಿಯಿಂದ ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನನಗೆ ಮಾತ್ರ ಇಲ್ಲೇ ಅವರು ಹತ್ತಿರದವರಾಗಿ ಕಾಣುತ್ತಾರೆ.

ಅವರು ಮಾಡಿದ್ದೇನು? ಬ್ಲೂಸಿನ ಲಯವನ್ನೂ, ಸ್ವಲ್ಪ ಇಳಿಸಿ ಹಿಡಿಯುವ ಆ ನೋವಿನ ಸ್ವರಗಳನ್ನೂ ಎತ್ತಿ ತಂದು ಪ್ರಾರ್ಥನೆಯ ಮಾತಿಗೆ ಕೂಡಿಸಿದರು. ಗುಲಾಮಗಿರಿಯ ಕಾಲದ ‘ಸ್ಪಿರಿಚುವಲ್’ ಹಾಡುಗಳು ಹಿಂದೆಯೇ ಇದ್ದವು. ಅವು ನಮ್ಮ ಜನಪದ ಗೀತೆಗಳ ಹಾಗೆ, ಕಟ್ಟಿದವರ ಹೆಸರಿಲ್ಲ. ಗಾಸ್ಪೆಲ್ ಹಾಗಲ್ಲ. ಇದು ನಗರದಲ್ಲಿ ಹುಟ್ಟಿದ್ದು, ಬರೆದವರ ಹೆಸರಿರುವುದು, ಅಚ್ಚಾಗಿ ಮಾರಾಟವಾಗುವುದು. ಗಾಸ್ಪೆಲ್ ಎಂದರೆ ಸುವಾರ್ತೆ, ಒಳ್ಳೆಯ ಸುದ್ದಿ. ಊರು ಬಿಟ್ಟು ಬಂದ ಜನಕ್ಕೆ ಒಳ್ಳೆಯ ಸುದ್ದಿಯೇ ಬೇಕಾಗಿತ್ತು, ಅದರಲ್ಲೂ 1929ರ ಆರ್ಥಿಕ ಕುಸಿತದ ನಂತರ.

ಆದರೆ ಯಾರೂ ಬಾ ಎನ್ನಲಿಲ್ಲ. ಸಾಲ ಮಾಡಿ, ಒಂದು ಹಾಡಿನ 500 ಪ್ರತಿಗಳನ್ನು ದೇಶದ ಚರ್ಚುಗಳಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಬಹಳ ಕಾಲ ಒಂದು ಉತ್ತರವೂ ಬರಲಿಲ್ಲ. ಚರ್ಚಿನೊಳಗೆ ಜಾಝ್ ತರುತ್ತೀಯಾ ಎಂದು ಬೋಧಕರು ಬೈದು ಕಳಿಸಿದ್ದೂ ಉಂಟು. ದೇಶದ ಅತ್ಯುತ್ತಮ ಚರ್ಚುಗಳಿಂದ ನನ್ನನ್ನು ಹೊರಹಾಕಿದ್ದಾರೆ ಎಂದು ಅವರು ಮುಂದೆ ನಗುತ್ತಾ ಹೇಳಿಕೊಳ್ಳುತ್ತಿದ್ದರು. ನಮ್ಮಲ್ಲಿ ವ್ಯಾಸಕೂಟ, ದಾಸಕೂಟ ಎಂಬ ಮಾತಿದೆಯಲ್ಲ. ದೇವರ ಮುಂದೆ ಯಾವ ಭಾಷೆ ಸಲ್ಲುತ್ತದೆ, ಪಂಡಿತರದೋ ಬೀದಿಯದೋ ಎಂಬ ಜಗಳ ಎಲ್ಲ ಕಡೆಯೂ ಇರುವಂಥದೇ. 1930ರಲ್ಲಿ ಶಿಕಾಗೋದಲ್ಲೇ ನಡೆದ ಬ್ಯಾಪ್ಟಿಸ್ಟರ ರಾಷ್ಟ್ರೀಯ ಸಮಾವೇಶದಲ್ಲಿ ಒಬ್ಬ ಗಾಯಕಿ ಅವರದೊಂದು ಹಾಡನ್ನು ಹಾಡಿದರು. ಸಭೆ ಎದ್ದು ನಿಂತಿತು. ಹಾಡಿನ ಪ್ರತಿಗಳು ಸಾವಿರಗಟ್ಟಲೆ ಖರ್ಚಾದವು. ಆಗ ಬಾಗಿಲು ತೆರೆಯಿತು.

1931ರಲ್ಲಿ ಶಿಕಾಗೋದ ಎಬೆನೆಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಡಾರ್ಸಿ ಮತ್ತು ಥಿಯೋಡರ್ ಫ್ರೈ ಸೇರಿ ಒಂದು ಗಾಸ್ಪೆಲ್ ಗಾಯಕವೃಂದ ಕಟ್ಟಿದರು. ಅಲ್ಲಿನ ಬೋಧಕರು ದಕ್ಷಿಣದಿಂದ ಬಂದವರು, ತಮ್ಮ ಕಡೆಯ ಹಾಡು ಕೇಳದೆ ಅವರಿಗೂ ಬೇಸರವಾಗಿತ್ತು. ಹಾಡುತ್ತಾ ಹಾಡುತ್ತಾ ಫ್ರೈ ಸಾಲುಗಳ ನಡುವೆ ಠೀವಿಯಿಂದ ಹೆಜ್ಜೆ ಹಾಕುತ್ತಿದ್ದರಂತೆ. ಡಾರ್ಸಿ ಸ್ಟೂಲಿನಿಂದ ನೆಗೆದೆದ್ದು ನಿಂತೇ ನುಡಿಸುತ್ತಿದ್ದರಂತೆ. ಪಿಸುಗುಟ್ಟುವ ಪಿಯಾನೋ ಅಲ್ಲಿಗೆ ಮುಗಿಯಿತು! ಮರುವರ್ಷ, 1932ರಲ್ಲಿ, ನಗರದ ಅತಿ ದೊಡ್ಡ ಕಪ್ಪು ಚರ್ಚುಗಳಲ್ಲಿ ಒಂದಾದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಅವರನ್ನು ಗಾಯಕವೃಂದದ ನಿರ್ದೇಶಕರನ್ನಾಗಿ ಕರೆಯಿತು. ದಶಕಗಳ ಕಾಲ ಅವರು ಅಲ್ಲೇ ಇದ್ದರು.

ಆ ಕಟ್ಟಡದ ಕತೆಯೂ ಸ್ವಾರಸ್ಯವಾಗಿದೆ. 1890ರ ಸುಮಾರಿಗೆ ಯಹೂದಿಗಳ ಪ್ರಾರ್ಥನಾ ಮಂದಿರವಾಗಿ ಅದನ್ನು ಕಟ್ಟಿದವರು ಆ್ಯಡ್ಲರ್ ಮತ್ತು ಸಲಿವನ್ ಎಂಬ ಹೆಸರಾಂತ ವಾಸ್ತುಶಿಲ್ಪಿಗಳು. ಆ್ಯಡ್ಲರ್ ಅವರ ತಂದೆ ಆ ಯಹೂದಿ ಸಮುದಾಯದ ಧರ್ಮಗುರುಗಳಾಗಿದ್ದವರು. ಅಕ್ಕಪಕ್ಕದ ಜನ ಬದಲಾದಂತೆ 1920ರ ದಶಕದಲ್ಲಿ ಅದು ಕಪ್ಪು ಜನರ ಚರ್ಚಾಯಿತು. ಧ್ವನಿ ಚೆನ್ನಾಗಿ ತುಂಬಿಕೊಳ್ಳುವ ಎತ್ತರದ ಕಮಾನು ಚಾವಣಿ ಅದರದು.

ಆ ವರ್ಷ ಆಗಸ್ಟ್‌ನಲ್ಲಿ ನಡೆದ ಘಟನೆಯನ್ನು ಡಾರ್ಸಿ ತಮ್ಮ ಜೀವನದುದ್ದಕ್ಕೂ ಹೇಳಿದರು. ನೆಟ್ಟಿ ತುಂಬು ಗರ್ಭಿಣಿ. ಡಾರ್ಸಿ ಸೇಂಟ್ ಲೂಯಿಸ್ ನಗರದಲ್ಲಿ ಹಾಡಿಸಲು ಹೋಗಬೇಕಾಗಿತ್ತು. ಕಾರಿನಲ್ಲಿ ಹೊರಟವರು ಹಾಡಿನ ಚೀಲ ಮರೆತದ್ದು ನೆನಪಾಗಿ ಮನೆಗೆ ಹಿಂದಿರುಗಿದರು. ನೆಟ್ಟಿ ನಿದ್ದೆಯಲ್ಲಿದ್ದರು. ಹೋಗಬೇಡ ಎಂದು ಒಳಗೇನೋ ಹೇಳಿತು. ಆದರೂ ಚೀಲ ಎತ್ತಿಕೊಂಡು ಹೋದರು. ಸೇಂಟ್ ಲೂಯಿಸ್‌ನ ಸಭೆಯ ನಡುವೆ ತಂತಿ ಬಂತು. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಿದ್ದರು. ಊರಿಗೆ ಧಾವಿಸಿದರು. ಗಂಡು ಮಗು ಬದುಕಿತ್ತು, ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. ತಾಯಿ ಮಗು ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು.

ದೇವರ ಹಾಡೇ ಬೇಡ, ಹಳೆಯ ಬ್ಲೂಸಿಗೇ ಹೋಗುತ್ತೇನೆ ಎನ್ನಿಸಿತಂತೆ. ಕೆಲವು ದಿನಗಳ ನಂತರ ಗೆಳೆಯ ಫ್ರೈ ಅವರನ್ನು ಒಂದು ಕಾಲೇಜಿನ ಸಂಗೀತದ ಕೋಣೆಗೆ ಕರೆದೊಯ್ದರು. ಅಲ್ಲಿ ಪಿಯಾನೋದ ಮೇಲೆ ಬೆರಳಾಡಿಸುತ್ತಿದ್ದಾಗ ಹಳೆಯ ಸ್ತುತಿಗೀತೆಯೊಂದರ ಧಾಟಿ ಬಂತು. ಅದರ ಮೇಲೆ ಹೊಸ ಮಾತು ಕೂತಿತು. ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಎಂಬ ಹಾಡು ಹುಟ್ಟಿದ್ದು ಹೀಗೆ. ಕೈ ಹಿಡಿದು ನಡೆಸು ಎಂದು ದೇವರನ್ನು ಕೇಳುವ ಹಾಡು, ಅಷ್ಟೇ. ಅದರಲ್ಲಿ ತತ್ವಜ್ಞಾನ ಹುಡುಕಿದರೆ ಸಿಗುವುದಿಲ್ಲ. ನಡೆಯಲಾರದವನು ಹೇಳಬಹುದಾದ ಮಾತು ಮಾತ್ರ ಇದೆ.

ಈ ಹಾಡಿನ ಕತೆ ಎಷ್ಟು ದೊಡ್ಡದಾಯಿತೆಂದರೆ ಡಾರ್ಸಿಯವರ ಉಳಿದ ಕೆಲಸವನ್ನು ಅದು ನುಂಗಿಬಿಟ್ಟಿದೆ. ನಾನು ಹೇಳಬೇಕೆಂದಿದ್ದದ್ದು ಆ ಉಳಿದ ಕೆಲಸದ ಬಗ್ಗೆಯೇ. ಹಾಡು ಬರೆಯುವುದು ಒಬ್ಬರ ಕೆಲಸ. ಹಾಡುವವರನ್ನು ತಯಾರು ಮಾಡುವುದು ಇನ್ನೊಂದು ಬಗೆಯ ಕೆಲಸ. ಒಂಟಿತನದ ಆ ದಿನಗಳ ನಂತರ ಅವರು ತಮ್ಮನ್ನು ಪೂರ್ತಿ ಕೊಟ್ಟುಕೊಂಡದ್ದು ಎರಡನೆಯದಕ್ಕೆ.

ಅವರ ಗಾಯಕವೃಂದಕ್ಕೆ ಸೇರಲು ಸ್ವರಲಿಪಿ ಓದಲು ಬರಬೇಕೆಂದಿರಲಿಲ್ಲ. ಕೇಳಿ ಕಲಿಯುವುದು, ನಮ್ಮ ಭಜನೆಯಂತೆಯೇ. ನಿರ್ದೇಶಕ ಒಂದೊಂದು ಗುಂಪಿಗೂ ಅದರ ಪಾಲಿನ ಸಾಲನ್ನು ಹಾಡಿ ತೋರಿಸುತ್ತಾನೆ: ಹೆಂಗಸರ ಮೇಲಿನ ಧ್ವನಿಗೊಂದು, ಕೆಳಗಿನ ಧ್ವನಿಗೊಂದು, ಗಂಡಸರಿಗೊಂದು. ಮೂರೂ ಸೇರಿದಾಗ ಸ್ವರಗಳು ಒಂದರ ಮೇಲೊಂದು ಕೂರುತ್ತವೆ. ಮುಂದೆ ಒಬ್ಬರು ಹಾಡಿ ಕರೆಯುತ್ತಾರೆ, ಹಿಂದಿನವರು ಓಗೊಡುತ್ತಾರೆ. ಎಷ್ಟು ಬಾರಿ, ಎಲ್ಲಿ ಏರಿಸಬೇಕು, ಎಲ್ಲಿ ಥಟ್ಟನೆ ನಿಲ್ಲಿಸಬೇಕು ಎಂಬುದನ್ನು ಕಾಗದ ಹೇಳುವುದಿಲ್ಲ, ನಿರ್ದೇಶಕನ ಕೈ ಹೇಳುತ್ತದೆ. ಅಚ್ಚಾದ ಹಾಡಿನ ಹಾಳೆ ಬರೀ ಅಸ್ಥಿಪಂಜರ.

ವಾರವಿಡೀ ಇನ್ನೊಬ್ಬರ ಮನೆಯ ನೆಲ ಒರೆಸಿದ ಹೆಂಗಸು ಭಾನುವಾರ ನಿಲುವಂಗಿ ತೊಟ್ಟು ಎಲ್ಲರ ಮುಂದೆ ನಿಲ್ಲುತ್ತಿದ್ದಳು. ಆಕೆಯ ಊರಿನ ಉಚ್ಚಾರಣೆ, ಆಕೆಯ ಒರಟು ಕಂಠ, ಆಕೆಯ ಚಪ್ಪಾಳೆ ಇವೇ ಈಗ ಸಂಗೀತ. ಸಮುದಾಯದ ಮೇಲೆ ಡಾರ್ಸಿಯವರ ಪರಿಣಾಮ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನು. ಹಿಂದಿನ ಬೆಂಚು ಮುಂದಕ್ಕೆ ಬಂತು.

1933ರಲ್ಲಿ ಅವರು ಮತ್ತು ಸಂಗಡಿಗರು ಗಾಸ್ಪೆಲ್ ಗಾಯಕವೃಂದಗಳ ರಾಷ್ಟ್ರೀಯ ಸಮಾವೇಶವನ್ನು ಶುರುಮಾಡಿದರು. ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸೇರುವುದು, ಹೊಸ ಹಾಡು ಕಲಿಯುವುದು, ತಮ್ಮ ಊರಿಗೆ ಕೊಂಡೊಯ್ಯುವುದು. ಏಕಗಾಯಕರಿಗೆ ಬೇರೆ ತರಗತಿ. ಅದನ್ನು ನೋಡಿಕೊಂಡವರು ವಿಲ್ಲಿ ಮೇ ಫೋರ್ಡ್ ಸ್ಮಿತ್ ಎಂಬ ಅದ್ಭುತ ಗಾಯಕಿ. ಪ್ರಕಾಶನದ ಕೆಲಸಕ್ಕೆ ಸ್ಯಾಲಿ ಮಾರ್ಟಿನ್ ಇದ್ದರು. ಸ್ಯಾಲಿಯವರ ಕಂಠ ಅಷ್ಟೇನೂ ನಯವಲ್ಲ, ಆದರೆ ಲೆಕ್ಕದಲ್ಲಿ ಗಟ್ಟಿಗಿತ್ತಿ. ಡಾರ್ಸಿಯವರ ವ್ಯವಹಾರ ಅಸ್ತವ್ಯಸ್ತವಾಗಿರುವುದನ್ನು ಕಂಡು, ಲೆಕ್ಕಪತ್ರ ಸರಿಮಾಡಿ, ಊರೂರಿಗೆ ಹೋಗಿ ಹಾಡಿ ಹಾಳೆ ಮಾರಿ, ಗಾಯಕವೃಂದ ಕಟ್ಟಿ ಬರುತ್ತಿದ್ದರು. 1940ರಲ್ಲಿ ಬೇರೆಯಾಗಿ ತಮ್ಮದೇ ಪ್ರಕಾಶನ ಸಂಸ್ಥೆಯ ಪಾಲುದಾರರಾದರು. ಪಿತಾಮಹ ಎಂಬ ಬಿರುದು ಡಾರ್ಸಿಯವರಿಗೆ ಸಲ್ಲಲಿ, ಬೇಡವೆನ್ನುವುದಿಲ್ಲ. ಆದರೆ ಈ ಹೆಂಗಸರಿಲ್ಲದೆ ಆ ಹಾಡುಗಳು ಶಿಕಾಗೋದ ಎರಡು ಚರ್ಚುಗಳಲ್ಲೇ ಉಳಿದುಬಿಡುತ್ತಿದ್ದವು ಎಂದು ನನ್ನ ಅಭಿಪ್ರಾಯ.

ಇನ್ನೊಬ್ಬಾಕೆ ಮಹಾಲಿಯಾ ಜಾಕ್ಸನ್. ನ್ಯೂ ಆರ್ಲಿಯನ್ಸ್‌ನಿಂದ ಶಿಕಾಗೋಗೆ ಬಂದ ಹುಡುಗಿ. ಆರಂಭದ ದಿನಗಳಲ್ಲಿ ಬೀದಿ ಮೂಲೆಯಲ್ಲಿ ಆಕೆ ಹಾಡುವುದು, ಸೇರಿದ ಜನಕ್ಕೆ ಡಾರ್ಸಿ ಹಾಡಿನ ಹಾಳೆ ಮಾರುವುದು ಹೀಗೆ ನಡೆದಿತ್ತು. ಮುಂದೆ ಆಕೆ ವಿಶ್ವವಿಖ್ಯಾತರಾದರು. ಡಾರ್ಸಿ ಆಕೆಗಾಗಿ ಬರೆದ ‘ಪೀಸ್ ಇನ್ ದಿ ವ್ಯಾಲಿ’ ಹಾಡನ್ನು 1957ರಲ್ಲಿ ಎಲ್ವಿಸ್ ಪ್ರೆಸ್ಲಿ ಟಿ.ವಿ.ಯಲ್ಲಿ ಹಾಡಿದರು. ಯಾವ ಸಂಗೀತವನ್ನು ಕಪ್ಪು ಚರ್ಚುಗಳೇ ಬಾಗಿಲಾಚೆ ನಿಲ್ಲಿಸಿದ್ದವೋ ಅದು ಬಿಳಿಯರ ನಡುಮನೆಗೆ ಬಂದಿತ್ತು.

ಪಿಲ್‌ಗ್ರಿಮ್ ಚರ್ಚಿನ ಮಕ್ಕಳ ಗಾಯಕವೃಂದದಲ್ಲಿ 1931ರಲ್ಲಿ ಹುಟ್ಟಿದ ಒಬ್ಬ ಹುಡುಗ ಹಾಡುತ್ತಿದ್ದ, ಜೇಮ್ಸ್ ಕ್ಲೀವ್‌ಲ್ಯಾಂಡ್. ದೊಡ್ಡ ಗಾಯಕವೃಂದಗಳ ಯುಗವನ್ನು ಮುಂದೆ ನಡೆಸಿದವರು ಅವರೇ. 1960ರ ದಶಕದ ಕೊನೆಯಲ್ಲಿ ಡಾರ್ಸಿಯವರ ಸಮಾವೇಶದ ಮಾದರಿಯಲ್ಲೇ ಗಾಸ್ಪೆಲ್ ಸಂಗೀತದ ವಾರ್ಷಿಕ ಕಮ್ಮಟ ಶುರುಮಾಡಿದರು. 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಅರೆಥಾ ಫ್ರಾಂಕ್ಲಿನ್ ಎರಡು ರಾತ್ರಿ ಹಾಡಿ ‘ಅಮೇಜಿಂಗ್ ಗ್ರೇಸ್’ ಧ್ವನಿಮುದ್ರಿಕೆ ಮಾಡಿದಾಗ ಪಕ್ಕದಲ್ಲಿ ಪಿಯಾನೋಗೆ ಕೂತವರು, ಗಾಯಕವೃಂದವನ್ನು ಕರೆತಂದವರು ಇದೇ ಕ್ಲೀವ್‌ಲ್ಯಾಂಡ್. ಅದರ ಚಿತ್ರ 2018ರಲ್ಲಿ ಹೊರಬಂತು. ಸಿಕ್ಕರೆ ನೋಡಿ, ಅರೆಥಾ ಅವರನ್ನಷ್ಟೇ ಅಲ್ಲ, ಹಿಂದೆ ನಿಂತವರ ಮುಖಗಳನ್ನೂ ನೋಡಿ.

ಈಗ ಮುಂಬೈಗೆ ಬರುತ್ತೇನೆ, ಕಾರಣವಿದೆ. ಗಾಮ್‌ದೇವಿಯ ಮಣಿಭವನ ನಮ್ಮಲ್ಲಿ ಅನೇಕರು ನೋಡಿರುವ ಜಾಗ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಾಗ ಮುಂಬೈಯಲ್ಲಿ ತಂಗಿದ್ದು ಅಲ್ಲೇ, ಗಾಂಧೀಜಿ ಇರುತ್ತಿದ್ದ ಮನೆಯಲ್ಲಿ. ಜೊತೆಗೆ ಪತ್ನಿ ಕೊರೆಟಾ. ಆಕೆ ಸಂಗೀತದಲ್ಲಿ ಶಿಕ್ಷಣ ಪಡೆದವರು. ಆ ಪ್ರವಾಸದಲ್ಲಿ ಕಿಂಗ್ ಭಾಷಣ ಮಾಡಿದಷ್ಟೇ ಆಕೆ ತಮ್ಮ ಜನರ ಹಾಡುಗಳನ್ನು ಹಾಡಿದರು. ಕಿಂಗ್ ಅವರಿಗೆ ಹಾಡಿಲ್ಲದೆ ಚಳವಳಿ ಇರಲಿಲ್ಲ. ಡಾರ್ಸಿಯವರ ಆ ಹಾಡು ಅವರಿಗೆ ಬಹಳ ಪ್ರಿಯ. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್ ನಗರದ ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ನಿಂತು, ಕೆಳಗಿದ್ದ ಸ್ಯಾಕ್ಸೊಫೋನ್ ವಾದಕ ಬೆನ್ ಬ್ರಾಂಚ್ ಅವರಿಗೆ, ಇವತ್ತು ರಾತ್ರಿಯ ಸಭೆಯಲ್ಲಿ ಅದನ್ನು ನುಡಿಸಿ, ಚೆನ್ನಾಗಿ ನುಡಿಸಿ ಎಂದು ಕೇಳಿಕೊಂಡರು. ಕ್ಷಣಗಳಲ್ಲಿ ಗುಂಡು ತಗುಲಿತು. ಅವರ ಅಂತ್ಯಸಂಸ್ಕಾರದ ದಿನ ಅದನ್ನು ಮಹಾಲಿಯಾ ಹಾಡಿದರು. ನಾಲ್ಕು ವರ್ಷಗಳ ನಂತರ ಮಹಾಲಿಯಾ ತೀರಿಕೊಂಡಾಗ ಹಾಡಿದವರು ಅರೆಥಾ. ತನ್ನ ಹೆಂಡತಿ ಮಗುವಿಗಾಗಿ ಒಬ್ಬ ಗಂಡಸು ಅತ್ತ ಅಳು ಇಷ್ಟು ಜನರ ಬಾಯಿಗೆ ಬಂತು.

ಡಾರ್ಸಿ ದೀರ್ಘಕಾಲ ಬದುಕಿದರು. 1982ರ ‘ಸೇ ಆಮೆನ್, ಸಮ್‌ಬಡಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರನ್ನು ನೋಡಬಹುದು. ಎಂಬತ್ತು ದಾಟಿದ ಮುದುಕ, ನಡಿಗೆಗೆ ಇನ್ನೊಬ್ಬರ ಆಸರೆ ಬೇಕು. ನೆಟ್ಟಿಯವರ ಕತೆಯನ್ನು ಹೇಳುತ್ತಾರೆ. ಐವತ್ತು ವರ್ಷಗಳಲ್ಲಿ ನೂರಾರು ಸಲ ಹೇಳಿರಬೇಕು, ಆದರೂ ಕೇಳುವವರಿಗೆ ಹಳತೆನ್ನಿಸುವುದಿಲ್ಲ. ಅವರು 1993ರ ಜನವರಿಯಲ್ಲಿ ಶಿಕಾಗೋದಲ್ಲಿ ನಿಧನರಾದರು. 2006ರ ಜನವರಿಯಲ್ಲಿ, ಚಾವಣಿಯ ರಿಪೇರಿ ನಡೆಯುತ್ತಿದ್ದಾಗ, ಪಿಲ್‌ಗ್ರಿಮ್ ಚರ್ಚಿಗೆ ಬೆಂಕಿ ಬಿತ್ತು. ಆ ಕಮಾನು, ಆ ಆರ್ಗನ್ ಎಲ್ಲ ಹೋಗಿ ಕಲ್ಲಿನ ಗೋಡೆಗಳಷ್ಟೇ ಉಳಿದವು. ಅಲ್ಲಿ ಗಾಸ್ಪೆಲ್ ಸಂಗೀತದ ವಸ್ತುಸಂಗ್ರಹಾಲಯ ಮಾಡುವ ಯೋಜನೆಯನ್ನು 2017ರಲ್ಲಿ ಪ್ರಕಟಿಸಿದರು.

ಇನ್ನು ಮಾತು ಸಾಕು. ಈಗ ಆ ಹಾಡನ್ನು ಮಹಾಲಿಯಾ ಜಾಕ್ಸನ್ ಅವರ ಕಂಠದಲ್ಲಿ ಕೇಳೋಣ. ಕೇಳುವಾಗ ಒಂದು ಗಮನಿಸಿ: ಆಕೆ ತಾಳಕ್ಕೆ ಕಟ್ಟುಬೀಳುವುದಿಲ್ಲ. ನಮ್ಮ ಆಲಾಪದ ಹಾಗೆ ಒಂದೊಂದು ಮಾತನ್ನೂ ಹಿಡಿದು ನಿಲ್ಲಿಸಿ, ಉಸಿರು ಮುಗಿಯುವ ಹೊತ್ತಿಗೆ ಬಿಡುತ್ತಾರೆ. ಜೊತೆಯ ವಾದ್ಯಗಳು ಆಕೆಯನ್ನು ಕಾಯುತ್ತಾ ಮೆಲ್ಲಗೆ, ಬಹಳ ಮೆಲ್ಲಗೆ ಹಿಂಬಾಲಿಸುತ್ತವೆ.